ರಿಮೋಟ್ ಕಾರೂ ರಫೀಕನ ಉಸಿರೂ

ಹೋದ ತಿಂಗಳು ಒಂದು ಭಾನುವಾರ ಗಂಗಾವತಿಯ ರೈಸ್ ಮಿಲ್ಲೊಂದರ ಅಂಗಳದಲ್ಲಿ, ಕ್ವಿಂಟಲ್ ಭತ್ತ ಎತ್ತಿ ಬದುಕುವ ಮನುಷ್ಯನೊಬ್ಬ ಚಿಟಿಕೆ ಧೂಳು ಊದಲಾರದೆ ಸೋತ. ಧೂಳು ಇದ್ದದ್ದು ನನ್ನ ರಿಮೋಟ್ ಕಾರಿನ ಗೇರ್ ಬಾಕ್ಸಿನಲ್ಲಿ.

ನಗಬೇಡಿ. ಹೌದು, ಐವತ್ತು ದಾಟಿದ ನನಗೆ ರಿಮೋಟ್ ಕಾರಿನ ಹುಚ್ಚಿದೆ. (ಹೆಂಡತಿ ಇದನ್ನು ಹುಚ್ಚು ಎನ್ನುವುದಿಲ್ಲ, ಅದಕ್ಕಿಂತ ಕೆಟ್ಟ ಪದ ಬಳಸುತ್ತಾಳೆ.) ನಮ್ಮದೊಂದು ಸಣ್ಣ ಗುಂಪು. ನಾನು, ಕುಷ್ಟಗಿಯಿಂದ ಬಸ್ಸು ಹತ್ತಿ ಬರುವ ಹೈಸ್ಕೂಲ್ ಮೇಷ್ಟ್ರು, ಮತ್ತು ಅದೇ ಮಿಲ್ಲಿನ ಹಮಾಲ ರಫೀಕ. (ಹೆಸರು ಬದಲಿಸಿದ್ದೇನೆ. ಯಾಕೆಂದು ಓದಿದರೆ ಗೊತ್ತಾಗುತ್ತದೆ.) ಭಾನುವಾರ ಮಿಲ್ ಬಂದ್. ಭತ್ತ ಒಣಹಾಕುವ ಸಿಮೆಂಟ್ ಅಂಗಳ ಖಾಲಿ. ಇಂಥ ರೇಸ್ ಟ್ರ್ಯಾಕ್ ಬೆಂಗಳೂರಿನಲ್ಲೂ ಇಲ್ಲ ಎಂಬುದು ನಮ್ಮ ಜಂಬ.

ತೊಂದರೆ ಒಂದೇ, ಹೊಟ್ಟಿನ ಧೂಳು. ಅದು ಗೇರ್ ಬಾಕ್ಸಿಗೆ ನುಗ್ಗಿ, ಗ್ರೀಸಿನ ಜೊತೆ ಸೇರಿ, ಪ್ಲಾಸ್ಟಿಕ್ ಗೇರಿನ ಹಲ್ಲುಗಳನ್ನು ಅರೆದು ಹಾಕುತ್ತದೆ. ಆಮೇಲೆ ಮೋಟರ್ ಕೂಗುತ್ತದೆ, ಕಾರು ಕದಲುವುದಿಲ್ಲ. (ಕೆಲವು ಸರ್ಕಾರಿ ಕೆಲಸಗಳ ಹಾಗೆ.) ಹೊಸ ಗೇರನ್ನು ಆನ್‌ಲೈನಿನಲ್ಲಿ ತರಿಸಿದರೆ ಬೇರೆಯದೇ ಸೈಜ್ ಬರುತ್ತದೆ. ಹಾಗಾಗಿ ಗುಜರಿಗೆ ಹೋದ ಪ್ರಿಂಟರ್ ಬಿಚ್ಚಿ, ಅದರ ಗೇರು ಕೂಡಿಸುವುದು ನಮ್ಮ ಪದ್ಧತಿ.

ಕೂಡಿಸುವ ಮೊದಲು ಬಾಕ್ಸನ್ನು ಬಾಯಿಂದ ಜೋರಾಗಿ ಊದಬೇಕು. ಬ್ರಷ್ ಆಡಿಸಿದರೆ ಧೂಳು ಮೂಲೆ ಸೇರುತ್ತದೆ. ಈ ಊದುವ ಕೆಲಸ ಯಾವತ್ತೂ ರಫೀಕನದೇ. ಅವನು ಊದಿದರೆ ಪಕ್ಕದಲ್ಲಿಟ್ಟ ಸ್ಕ್ರೂಗಳೂ ಹಾರುತ್ತಿದ್ದವು.

ಆವತ್ತು ಊದಿದ. ಏನೂ ಆಗಲಿಲ್ಲ. ಮತ್ತೊಮ್ಮೆ ಊದಿದ. ಕೆಮ್ಮು ಬಂತು, ಬಂದದ್ದು ನಿಲ್ಲಲೇ ಇಲ್ಲ. ಎದೆ ಹಿಡಿದು ಗೋಡೆಗೊರಗಿದ. ಕಾರನ್ನು ನನ್ನ ಕಡೆ ಸರಿಸಿದ.

"ನೀವ ಊದ್ರಿ ಸರ."

"ಏನಾತೋ ರಫೀಕ?"

"ಕೊಪ್ಪಳದಾಗ ಡಾಕ್ಟರಿಗೆ ತೋರ್ಸೇನ್ರಿ. ಧೂಳು ಎದಿಯಾಗ ಕುಂತೈತಂತ. ಮಿಲ್ ಬಿಡು ಅಂದಾರ."

"ಬಿಡು ಮತ್ತ!"

"ಬಿಟ್ಟು? ಹೆಂಡ್ತಿ ಮಕ್ಕಳನ್ನ ಕರ್ಕೊಂಡು ಡಾಕ್ಟರ್ ಮನಿಗೆ ಊಟಕ್ಕ ಹೋಗ್ಲೇನ್ರಿ?"

ಮೇಷ್ಟ್ರು ನಕ್ಕರು, ನಾನೂ ನಕ್ಕೆ. ಅವನೂ ನಗಲು ಹೋಗಿ ಮತ್ತೆ ಕೆಮ್ಮಿದ.

ಮರುದಿನವೇ ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ಮಾಸ್ಕ್ ತಂದು ಅವನ ಮನೆಗೆ ಮುಟ್ಟಿಸಿದೆ. ದಪ್ಪನೆಯವು, ಮೂಗಿಗೆ ತಂತಿ ಇರುವಂಥವು. ದೊಡ್ಡ ಪುಣ್ಯದ ಕೆಲಸ ಮಾಡಿದವನಂತೆ ಆ ವಾರವೆಲ್ಲ ಓಡಾಡಿದೆ.

ಮುಂದಿನ ಭಾನುವಾರ ಹೋದರೆ ರಫೀಕನ ಮುಖದ ಮೇಲೆ ಮಾಸ್ಕ್ ಇಲ್ಲ. ಅವನ ಹತ್ತಿರ ರಿಪೇರಿಗೆ ಬಿಟ್ಟಿದ್ದ ನಮ್ಮ ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ಗೇರ್ ಬಾಕ್ಸಿಗೂ ಬಿಳಿ ಬಟ್ಟೆಯ ಹೊದಿಕೆ, ಅಂಚಿಗೆ ನೀಟಾದ ಕೈಹೊಲಿಗೆ. ಬಟ್ಟೆ ಎಲ್ಲಿಯದು? ನಾನು ಕೊಟ್ಟ ಮಾಸ್ಕಿನದು!

ನನಗೆ ಸಿಟ್ಟು ನೆತ್ತಿಗೇರಿತು. "ನಿನಗ ತಲಿಗಿಲಿ ಐತೋ ಇಲ್ಲೋ? ನಿನ್ನ ಸಲುವಾಗಿ ಕೊಟ್ರ ಕಾರಿಗೆ ಹಾಕಿಯಲ್ಲೋ!"

"ಹಾಕ್ಕೊಂಡಿದ್ದೆ ಸರ. ಮಷಿನ್ ಮುಂದ ನಿಂತ್ರ ಮೊದಲೇ ಉಸಿರು ಸಾಲವಲ್ದು. ಅದ್ರ ಮ್ಯಾಲ ಇದನ್ನ ಕಟ್ಕೊಂಡ್ರ ಕಣ್ಣಿಗೆ ಕತ್ಲಿ ಬರ್ತೈತ್ರಿ. ಚೀಲ ಹೊತ್ತು ಬಿದ್ರ, ನಾಳಿಂದ ಬರಬ್ಯಾಡ ಅಂತಾರ. ಸುಮ್ನ ಕೊಳಿಯೂದು ಯಾಕ, ಕಾರಿಗಾದ್ರೂ ಆಗ್ಲಿ ಅಂತ ಹಾಕ್ದೆ."

ಮಾಸ್ಕ್ ಹಾಕಿಕೊಳ್ಳುವುದಕ್ಕೂ ಎದೆಯಲ್ಲಿ ಕಸುವು ಬೇಕು. ನನಗಿದು ಹೊಳೆದೇ ಇರಲಿಲ್ಲ. ಅವನು ಕೆಲಸಕ್ಕೆ ಸೇರಿದ ದಿನ ಯಾರೋ ಕೊಡಬೇಕಿದ್ದುದನ್ನು, ಎಲ್ಲ ಸವೆದ ಮೇಲೆ ನಾನು ಕೊಟ್ಟು ಬೀಗಿದ್ದೆ.

ರೇಸ್ ನಡೆಯಿತು. ಮುಗಿದ ಮೇಲೆ ಬಾಕ್ಸ್ ಬಿಚ್ಚಿದರೆ ಒಳಗಿನ ಗ್ರೀಸ್ ಹಚ್ಚಿದ ಹಾಗೇ ಇತ್ತು. "ಭಾರಿ ಐಡಿಯಾ ಬಿಡೋ ರಫೀಕ! ಇನ್ನ ಗೇರ್ ಸವಿಯಂಗಿಲ್ಲ" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ರಫೀಕ ಕೂತಲ್ಲಿಂದಲೇ ಕೈ ಎತ್ತಿ ಸಲಾಮು ಮಾಡಿದ. ಎದ್ದು ಬರಲು ಅವನಿಂದ ಆಗಲಿಲ್ಲ. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು.

ಸೋಮವಾರ ಮಿಲ್ಲಿನ ಮ್ಯಾನೇಜರನ್ನು ಕಂಡೆ. "ನನ್ನ ಹೆಸರು ತೆಗೀಬ್ಯಾಡ್ರಿ ಸರ, ಕೈ ಮುಗಿತೀನಿ" ಎಂದು ರಫೀಕ ಮೊದಲೇ ಅಂಗಲಾಚಿದ್ದ. ತೆಗೆಯಲಿಲ್ಲ. ಮಷಿನ್‌ಗಳಿಗೆ ಹೊದಿಕೆ ಹಾಕಿಸಿ, ಧೂಳು ಹೊರಗೆಳೆಯುವ ಫ್ಯಾನ್ ಕೂಡಿಸಬಾರದೇಕೆ ಎಂದು ಕೇಳಿದೆ. ಮ್ಯಾನೇಜರು ಒಳ್ಳೆಯವರು. ಚಹಾ ತರಿಸಿದರು. "ಮಾಡಿಸೂಣ್ರಿ. ಸೀಸನ್ ಒಂದು ಮುಗೀಲಿ" ಎಂದರು.

ಸೀಸನ್ ಮುಗಿಯುತ್ತದೆ. ಇನ್ನೊಂದು ಬರುತ್ತದೆ. ರಫೀಕ ಈಗಲೂ ಬೆಳಿಗ್ಗೆ ಎದ್ದು ಅದೇ ಮಷಿನ್ ಮುಂದೆ ನಿಲ್ಲುತ್ತಿದ್ದಾನೆ.

ಆಟದ ಕಾರಿನ ಗೇರು ಸವೆಯಬಾರದೆಂದು ಒಂದೇ ವಾರದಲ್ಲಿ ಹೊದಿಕೆ ಹೊಲಿದಾಯಿತು. ಮಿಲ್ಲಿನ ಮಷಿನ್‌ಗೆ ಒಂದು ಹೊದಿಕೆ ಬರಲು ಇನ್ನೆಷ್ಟು ಜನರ ಎದೆ ಸವೆಯಬೇಕು?