ನಾಟಕದ ಗಾಡಿ ಮೆತ್ತಗಾದದ್ದು

ನೀಲಗುಂದದ ಆಚೆಗಿನ ಹಳ್ಳಿಯೊಂದರಲ್ಲಿ ನಾಟಕ ಈಗಷ್ಟೇ ಮುಗಿದಿದೆ. ಮೂಡಣ ಕೆಂಪಾಗುವಷ್ಟರಲ್ಲಿ ಜನ ಚಾಪೆ ಸುತ್ತಿಕೊಂಡು ಮನೆ ಸೇರಿದ್ದಾರೆ. ಖಳನಾಯಕನ ಪಾತ್ರ ಮಾಡಿದ ಯುವಕ ಅಂಟುಮೀಸೆ ಕಿತ್ತು ಜೇಬಿಗಿಟ್ಟುಕೊಂಡು ಎಮ್ಮೆ ಹಿಂಡಲು ಹೋಗಿದ್ದಾನೆ. ಬಯಲಿನಲ್ಲಿ ಪಾಲಾಕ್ಷ ಒಬ್ಬರೇ ಅರಮನೆಯ ಪರದೆ ಇಳಿಸುತ್ತಿದ್ದಾರೆ. ಅರಮನೆ ಆದ ಮೇಲೆ ಕಾಡು, ಕಾಡಾದ ಮೇಲೆ ಬಡವನ ಗುಡಿಸಲು. ಒಂದೊಂದನ್ನೂ ಧೂಳು ಕೊಡವಿ, ಗಳಕ್ಕೆ ಸುತ್ತಿ, ಹಗ್ಗ ಬಿಗಿದು ತಮ್ಮ ಹಳೆಯ ಪಿಕಪ್ ಗಾಡಿಯ ಬಳಿ ಹೊತ್ತು ತರುತ್ತಾರೆ.

ಹೇರುವುದಕ್ಕೂ ಒಂದು ಕ್ರಮವಿದೆ. ತಳಕ್ಕೆ ಕಬ್ಬಿಣದ ಪೈಪು, ಅದರ ಮೇಲೆ ಮರದ ಚೌಕಟ್ಟು, ಮೇಲೆ ಪರದೆಯ ಸುರುಳಿಗಳು, ಸುರುಳಿಗಳ ಮೇಲೆ ದಪ್ಪನೆಯ ಎರಡು ಕೌದಿ. ಕೌದಿ ಹಾಸಿದ ಮೇಲೆ ಪಾಲಾಕ್ಷ ತಾವೇ ಹತ್ತಿ ಕೂರುತ್ತಾರೆ. ಅತ್ತಿತ್ತ ಸರಿದು, ಪೈಪು ಎಲ್ಲಾದರೂ ಒತ್ತುತ್ತದೆಯೇ ಎಂದು ನೋಡಿ ಇಳಿಯುತ್ತಾರೆ. ಶಾಲೆಯ ಕಟ್ಟೆಯ ಮೇಲೆ ತೂಕಡಿಸುತ್ತ ಕೂತಿರುವ, ಊರವರು ಹೊರಗಿನಿಂದ ಕರೆಸಿದ ಇಬ್ಬರು ಕಲಾವಿದೆಯರನ್ನು ಆಮೇಲೆ ಕರೆಯುತ್ತಾರೆ. "ಬರ್ರಿ ಯಕ್ಕಾರ, ಮುಂದ ಕುಂದರ್ರಿ. ಮಾಸ್ತರ, ನೀವು ಹಿಂದ."

ಪೇಟಿ ಮಾಸ್ತರು ಬೊಮ್ಮಪ್ಪ ಗೊಣಗುತ್ತಲೇ ಹಿಂದೆ ಹತ್ತುತ್ತಾರೆ. ಈ ಭಾಗದಲ್ಲಿ ಹಾರ್ಮೋನಿಯಂ ಮಾಸ್ತರರು ಗಾಡಿಯ ಹಿಂದೆ ಕೂರುವುದು ಕಂಡುಕೇಳರಿಯದ ಮಾತು. ಪಾಲಾಕ್ಷರ ಗಾಡಿಯಲ್ಲಿ ಮಾತ್ರ ಈಗ ಇದೇ ಪದ್ಧತಿ. ಯಾಕೆಂದು ಕೇಳಿದರೆ ಅವರು ಗಾಡಿ ಶುರು ಮಾಡುತ್ತಾರೆ. ಹರಪನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಹೆಣ್ಣುಮಕ್ಕಳು ಕೇಳಿಸಿಕೊಳ್ಳದಷ್ಟು ದೂರ ಕರೆದೊಯ್ದು ಹೇಳುತ್ತಾರೆ: "ಅದಕ್ಕ ಒಂದು ದೊಡ್ಡ ಕತಿ ಐತ್ರಿ. ನಂದ ತಪ್ಪು ಅದು. ಅಲ್ಲ ಅಂತ ಮಂದಿ ಅಂತಾರ, ನನಗ ಹಂಗ ಅನ್ಸಲ್ಲ."

ಕೂಡ್ಲಿಗಿ ಸೀಮೆಯಲ್ಲಿ ಹುಟ್ಟಿದ ಪಾಲಾಕ್ಷರಿಗೆ ನಾಟಕದ ಹುಚ್ಚು ಎಳವೆಯದು. ಊರ ನಾಟಕದಲ್ಲಿ ಒಮ್ಮೆ ದೂತನ ಪಾತ್ರ ಸಿಕ್ಕಿತ್ತು. ಹೇಳಬೇಕಾದದ್ದು ಒಂದೇ ಮಾತು, ಅದೂ ಗಂಟಲಲ್ಲೇ ಉಳಿಯಿತು. ರಾಜನ ಪಾತ್ರಧಾರಿ ದೂತನ ಮಾತನ್ನೂ ತಾನೇ ಹೇಳಿ ದೃಶ್ಯ ಮುಗಿಸಿದ. "ಅವತ್ತ ತಿಳೀತ್ರಿ, ನಾವು ಪರದಿ ಹಿಂದಿನ ಮಂದಿ ಅಂತ," ಎಂದು ನಗುತ್ತಾರೆ. ಬೇರೆಯವರ ಲಾರಿ ಓಡಿಸಿ ಓಡಿಸಿ, ಕಡೆಗೆ ಸ್ವಂತಕ್ಕೆಂದು ಹಳೆಯ ಪಿಕಪ್ ಕೊಂಡು ಕೊಟ್ಟೂರಿಗೆ ಬಂದು ನೆಲೆಸಿದರು. ನಾಟಕದ ಪರದೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯೊಂದು ಪರದೆ ಸಾಗಿಸುವ ಕೆಲಸ ಕೊಟ್ಟು ಅಲ್ಲಿ ಅವರನ್ನು ಹಿಡಿದು ನಿಲ್ಲಿಸಿತು. ಸುಗ್ಗಿ ಮುಗಿದಂದಿನಿಂದ ಮುಂಗಾರು ಬೀಳುವವರೆಗೆ ವಾರಕ್ಕೆ ನಾಲ್ಕೈದು ನಾಟಕ. ಇಂದು ಹಡಗಲಿ ಕಡೆ, ನಾಳೆ ಕೂಡ್ಲಿಗಿ ಕಡೆ. ಮಧ್ಯಾಹ್ನ ಪರದೆ ಹೇರಿಕೊಂಡು ಹೋಗಿ ಕಟ್ಟಬೇಕು, ಬೆಳಗ್ಗೆ ಬಿಚ್ಚಿ ಎಲ್ಲರನ್ನೂ ಊರು ಮುಟ್ಟಿಸಬೇಕು. ಸರಕಿನ ಗಾಡಿಯ ಹಿಂದೆ ಮನುಷ್ಯರು ಕೂರಬಾರದೆಂಬುದು ಪಾಲಾಕ್ಷರಿಗೂ ಗೊತ್ತು. ಆ ಹೊತ್ತಿಗೆ ಆ ಹಳ್ಳಿಗಳಿಂದ ಬಸ್ಸಿಲ್ಲ ಎಂಬುದೂ ಗೊತ್ತು.

ಆಗೆಲ್ಲ ಮುಂದಿನ ಸೀಟಿನಲ್ಲಿ ಪೇಟಿ ಮಾಸ್ತರು, ತಬಲಾದವರು. ಪೇಟಿ ನಾಜೂಕು, ಅಲುಗಿದರೆ ಸ್ವರ ಹೋಗುತ್ತದೆ ಎಂಬುದು ಕಾರಣ. ಕಲಾವಿದೆಯರು ಹಿಂದೆ, ಪರದೆಗಳ ಮೇಲೆ. ಅವರಲ್ಲಿ ಹಿರಿಯರು ಕೊಟ್ಟೂರಿನ ಗೀತಮ್ಮ. ಹರೆಯದಲ್ಲಿ ನಾಯಕಿ, ಆಮೇಲೆ ತಾಯಿ. ಮಗ ಸತ್ತ ದೃಶ್ಯದಲ್ಲಿ ಅವರು ಹಾಡಿದರೆ ಹಿಂದಿನ ಸಾಲಿನಲ್ಲಿ ಬೀಡಿ ಸೇದುವವರೂ ಬೀಡಿ ಮರೆಯುತ್ತಿದ್ದರಂತೆ. ನಾಟಕ ಮುಗಿದರೂ ಅವರ ಹಾಡು ನಿಲ್ಲುತ್ತಿರಲಿಲ್ಲ. ಬೆಳಗಿನ ತಂಗಾಳಿಯಲ್ಲಿ ಗಾಡಿಯ ಹಿಂದೆ ಕೂತು ಮೆಲ್ಲಗೆ ಗುನುಗುತ್ತಿದ್ದರು. ಚಾಲಕನ ಬೆನ್ನ ಹಿಂದಿನ ಕಿಟಕಿಯಿಂದ ಅದು ಪಾಲಾಕ್ಷರಿಗೆ ಕೇಳುತ್ತಿತ್ತು. "ನಿದ್ದಿ ಬರದಂಗ ನನ್ನ ಕಾಯ್ದಿದ್ದು ಅದ ಹಾಡ್ರಿ," ಎನ್ನುತ್ತಾರೆ.

ಗಾಡಿಗೆ ವಯಸ್ಸಾಗುತ್ತ ಬಂದಿತು. ಹೋದ ವರ್ಷ ಮೈಲಾರದ ದಾರಿಯಲ್ಲಿ ಒಂದು ದೊಡ್ಡ ನಾಟಕಕ್ಕೆ ಪರದೆಗಳ ಜೊತೆ ಜನರೇಟರನ್ನೂ ಹೇರಿದ್ದರು. ಗಾಡಿ ಹಿಂದೆ ಕುಸಿದು ಟೈರು ಮೇಲಿನ ತಗಡಿಗೆ ಉಜ್ಜತೊಡಗಿತು. ರಬ್ಬರು ಸುಟ್ಟ ವಾಸನೆ. ಕತ್ತಲಾಗುವವರೆಗೂ ದಾರಿಯಲ್ಲೇ ನಿಂತು, ನಾಟಕ ತಡವಾಗಿ, ಊರವರ ಬಾಯಿಂದ ಬೈಸಿಕೊಂಡರು. ಮರುದಿನವೇ ಹಗರಿಬೊಮ್ಮನಹಳ್ಳಿಯ ಜಂಬುನಾಥರ ಶೆಡ್ಡಿಗೆ ಹೋದರು. ಗಾಡಿಯ ಅಡಿಯಲ್ಲಿ ಬಿಲ್ಲಿನಂತೆ ಬಾಗಿ ಒಂದರ ಮೇಲೊಂದು ಕೂತು ಭಾರ ಹೊರುವ ಉಕ್ಕಿನ ಪಟ್ಟಿಗಳಿಗೆ ಈ ಕಡೆ ಬ್ಲೇಡು ಎನ್ನುತ್ತಾರೆ. ಆ ಬ್ಲೇಡು ಕಟ್ಟುವುದೇ ಜಂಬುನಾಥರ ಕಸುಬು.

ಜಂಬುನಾಥ ಗಾಡಿಯ ಅಡಿ ಮಲಗಿ ನೋಡಿ ಹೊರಬಂದರು. ದಾರಿ ಎರಡಿದ್ದವು. ಹಳೆಯ ಬ್ಲೇಡುಗಳನ್ನೇ ಕಾಯಿಸಿ, ಮತ್ತೆ ಬಾಗಿಸಿ, ಹೊಸ ಶಾಕ್ ಅಬ್ಸರ್ಬರ್ ಹಾಕುವುದು ಒಂದು. ಗಾಡಿ ಮೆತ್ತಗೆ ಓಡುತ್ತದೆ, ಹೆಚ್ಚಿನ ಭಾರ ಮಾತ್ರ ತಡೆಯುವುದಿಲ್ಲ. ಇರುವ ಸೆಟ್ಟಿಗೆ ಎರಡೆರಡು ದಪ್ಪ ಬ್ಲೇಡು ಸೇರಿಸುವುದು ಇನ್ನೊಂದು. ಎಷ್ಟು ಹೇರಿದರೂ ಗಾಡಿ ಬಗ್ಗುವುದಿಲ್ಲ. ಯಾವುದೆಂದು ತೀರ್ಮಾನಿಸುವ ಮುಂಚೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ಹಿಂದ ಏನ್ ಹಾಕ್ತೀಪಾ?"

"ಸಾಮಾನು," ಎಂದರು ಪಾಲಾಕ್ಷ.

"ಬರೇ ಸಾಮಾನೇನು?"

"ಹ್ಞೂಂ ಅಣ್ಣ, ಸಾಮಾನ. ಜನರೇಟರ್ ಹೇರಿದ್ರೂ ಬಗ್ಗಬಾರ್ದು, ಹಂಗ ಮಾಡು."

ದಪ್ಪ ಬ್ಲೇಡು ಬಿದ್ದವು. ಕುಸಿದಿದ್ದ ಗಾಡಿ ಹಿಂಭಾಗ ಎತ್ತಿಕೊಂಡು ಪೊಗದಸ್ತಾದ ಹೋರಿಯಂತೆ ನಿಂತಿತು. ಊರ ತುಂಬ ತೋರಿಸಿಕೊಂಡು ಬಂದೆ ಎನ್ನುತ್ತಾರೆ ಪಾಲಾಕ್ಷ. ಆದರೆ ಜನರೇಟರ್ ಹೇರುವುದು ತಿಂಗಳಿಗೊಮ್ಮೆಯೂ ಇಲ್ಲ. ಉಳಿದ ದಿನಗಳಲ್ಲಿ ಪರದೆ ಮತ್ತು ಪೈಪು ಅಷ್ಟೇ. ಅಷ್ಟು ಕಡಿಮೆ ಭಾರಕ್ಕೆ ದಪ್ಪ ಬ್ಲೇಡು ಜಗ್ಗುವುದೇ ಇಲ್ಲ. ರಸ್ತೆಯ ಒಂದೊಂದು ಗುಂಡಿಯೂ ನೇರವಾಗಿ ಮೇಲೆ ಕೂತವರ ಬೆನ್ನಿಗೇ ಮುಟ್ಟುತ್ತದೆ. ಮುಂದಿನ ಸೀಟಿನಲ್ಲಿ ಪಾಲಾಕ್ಷರಿಗೆ ಅದು ಗೊತ್ತಾಗಲಿಲ್ಲ. ಪೇಟಿಗೂ ಏನೂ ಆಗಲಿಲ್ಲ.

"ತಮ್ಮಾ, ನಿನ್ನ ಗಾಡಿ ಕುಣಿಯಾಕ ಕಲ್ತೈತಲ್ಲೋ! ನನಗಿಂತ ಚಲೋ ಕುಣೀತೈತಿ," ಎಂದರಂತೆ ಗೀತಮ್ಮ ಮೊದಲ ವಾರ. ಪಾಲಾಕ್ಷ ಅದನ್ನು ಹೊಗಳಿಕೆ ಎಂದುಕೊಂಡು ನಕ್ಕರು. ಕೆಲವು ದಿನಗಳಾದ ಮೇಲೆ ಹಿಂದಿನ ಕಿಟಕಿಯಿಂದ ಹಾಡು ಕೇಳುವುದು ನಿಂತಿತು. "ವಯಸ್ಸಾಗೈತಿ, ನಿದ್ದಿ ಹತ್ತಿರ್ಬೇಕು ಅನ್ಕೊಂಡೆ. ಒಂದ್ ಸಲನಾರ ಗಾಡಿ ನಿಲ್ಸಿ ನೋಡ್ಲಿಲ್ಲ ನೋಡ್ರಿ," ಎಂದು ಚಹಾದ ಲೋಟ ಕೆಳಗಿಡುತ್ತಾರೆ.

ಹಿಂದೆ ಏನಾಗುತ್ತಿತ್ತೆಂಬುದನ್ನು ಹೇಳುವವರು ಶೃತಿ. ಗೀತಮ್ಮನ ಜೊತೆ ಮಗಳ ಪಾತ್ರ ಮಾಡುತ್ತಿದ್ದ ಇವರು ಇಂದಿನ ನಾಟಕಕ್ಕೂ ಬಂದಿದ್ದಾರೆ. "ರಸ್ತ್ಯಾಗ ಹಂಪು ಬಂದಾಗೆಲ್ಲ ಗೀತಮ್ಮಾರು ಸರಳು ಹಿಡ್ಕೊಂಡು ಎದ್ದು ನಿಂದ್ರತಿದ್ರು. ಕುಂತ್ರ ಬೆನ್ನಾಗ ಚಾಕು ಹಾಕಿದಂಗ ಆಗ್ತೈತಿ ಅಂತಿದ್ರು. ಡ್ರೈವರಣ್ಣಗ ಹೇಳೂಣು ಅಂದ್ರ ಬ್ಯಾಡ ಅಂದ್ರು. ಬೆನ್ನು ಬ್ಯಾನಿ ಅಂತ ಸುದ್ದಿ ಹಬ್ಬಿದ್ರ ನಾಳಿಂದ ಬ್ಯಾರೇರ್ನ ಕರೀತಾರ, ಸುಮ್ಕಿರು ಅಂದ್ರು." ಶೃತಿ ಮತ್ತೊಂದು ಮಾತು ಸೇರಿಸುತ್ತಾರೆ: "ಪೇಟಿಗಿದ್ದ ಮರ್ಯಾದಿ ನಮಗಿರಲಿಲ್ಲ ಬಿಡ್ರಿ."

ಆ ಹಂಗಾಮಿನ ಕೊನೆಗೆ ಕೂಡ್ಲಿಗಿ ಕಡೆಯ ಹಳ್ಳಿಯಿಂದ ಮರಳುವಾಗ ಕೆರೆ ಏರಿಯ ಮೇಲೆ ಗಾಡಿ ಒಂದು ಹಳ್ಳಕ್ಕೆ ಇಳಿದು ನೆಗೆಯಿತು. ಗೀತಮ್ಮ ಸುರುಳಿಯಿಂದ ಮೇಲೆದ್ದು ಪಕ್ಕದಲ್ಲಿದ್ದ ಪೈಪಿನ ಮೇಲೆ ಕೂತಂತೆ ಬಿದ್ದರು. ಕೂಗಲಿಲ್ಲ. ಮರುದಿನದ ನಾಟಕದಲ್ಲಿ ಮಗನ ಶವದ ಮುಂದೆ ನಿಂತು ಹಾಡಬೇಕಾದ ಹಾಡನ್ನು ನೆಲಕ್ಕೆ ಕೂತೇ ಹಾಡಿದರು. ದುಃಖ ಹೆಚ್ಚಾಗಿ ಕುಸಿದರೆಂದು ಜನ ಚಪ್ಪಾಳೆ ಹೊಡೆದರು. ಹಾಡು ಮುಗಿದ ಮೇಲೂ ಅವರು ಏಳಲಿಲ್ಲ. ಪರದೆ ಇಳಿಸಿ, ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಪರದೆಯ ಹಗ್ಗ ಹಿಡಿದಿದ್ದವರು ಪಾಲಾಕ್ಷರೇ.

ಅದೇ ಗೀತಮ್ಮನ ಕೊನೆಯ ನಾಟಕ. ಗಾಡಿಯ ಹಿಂದೆ ನಡೆದದ್ದನ್ನೆಲ್ಲ ಶೃತಿ ಆಗ ಪಾಲಾಕ್ಷರಿಗೆ ಹೇಳಿದರು. ಬೆನ್ನುಹುರಿಯ ನರ ಒತ್ತಿದೆ, ಬಹಳ ಹೊತ್ತು ನಿಲ್ಲಬಾರದು, ದೂರ ಪ್ರಯಾಣ ಬೇಡ ಎಂದರು ವೈದ್ಯರು. ಪಾಲಾಕ್ಷ ಮನೆಗೆ ಹೋದಾಗ ಗೀತಮ್ಮ ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿಯೇ ಚಹಾ ಮಾಡಿಸಿ ಕೊಟ್ಟರು. ಬ್ಲೇಡಿನ ಮಾತು ಎತ್ತಿದರೆ ಕೈ ಅಡ್ಡ ಮಾಡಿದರು. "ಮೊದಲಿಂದ ಇತ್ತೋ ತಮ್ಮಾ ಈ ಬ್ಯಾನಿ. ವಯಸ್ಸಾತು. ಗಾಡಿ ಏನ್ ಮಾಡ್ತೈತಿ ಪಾಪ." ವೈದ್ಯರನ್ನು ಕೇಳಿದರೆ, ಮೊದಲೇ ಇದ್ದಿರಬಹುದು, ಕುಲುಕಾಟದಿಂದ ಹೆಚ್ಚಾಗಿರಲೂಬಹುದು, ಯಾವುದೆಷ್ಟು ಎಂದು ಹೇಗೆ ಹೇಳುವುದು ಎಂದರು. ಪಾಲಾಕ್ಷರಿಗೆ ಇವತ್ತಿಗೂ ನುಂಗಲಾಗದ, ಉಗುಳಲಾಗದ ತುತ್ತು ಇದೇ.

ಆಸ್ಪತ್ರೆಯಿಂದ ಅವರು ನೇರ ಹೋದದ್ದು ಜಂಬುನಾಥರ ಶೆಡ್ಡಿಗೆ. ಬೀಗದ ಕೈ ಅವರ ಕೈಯಲ್ಲಿಟ್ಟು "ಅಣ್ಣ, ನೀನು ಓಡ್ಸು, ನಾ ಹಿಂದ ಕುಂದರ್ತೀನಿ" ಎಂದರು. ಕೊಟ್ಟೂರು ರಸ್ತೆಯಲ್ಲಿ ಹೋಗಿ ಬರೋಣ ಎಂದರು. ಅಷ್ಟು ವರ್ಷ ಆ ಗಾಡಿ ಓಡಿಸಿದ್ದರೂ ಅವರು ಅದರ ಹಿಂದೆ ಕೂತದ್ದು ಅದೇ ಮೊದಲು. ಊರು ದಾಟುವ ಮೊದಲೇ ಹಲ್ಲಿಗೆ ಹಲ್ಲು ಬಡಿಯಿತು. ಮೊದಲ ಹಂಪಿಗೆ ಎರಡೂ ಕೈಯಲ್ಲಿ ಸರಳು ಹಿಡಿದರು. ಮುಂದಿನದಕ್ಕೆ ತಮಗೇ ಗೊತ್ತಿಲ್ಲದೆ ಎದ್ದು ನಿಂತಿದ್ದರು. "ಆಕಿ ಯಾಕ ಎದ್ದು ನಿಂದ್ರತಿದ್ಲು ಅಂತ ನನಗ ಆಗ ತಿಳೀತು. ಅಲ್ಲೇ ಅಳು ಬಂತ್ರಿ. ಗಾಳಿಗೆ ಕಣ್ಣಾಗ ಧೂಳು ಬಿತ್ತು ಅಂತ ಜಂಬಣ್ಣಗ ಹೇಳಿದೆ."

ಜಂಬುನಾಥರಿಗೆ ಧೂಳಿನ ಮಾತು ಅರ್ಥವಾಗಿತ್ತು. "ಹಿಂದ ಮಂದಿ ಕುಂದರ್ತಾರ ಅಂತ ಅವತ್ತ ಒಂದು ಮಾತು ಹೇಳಿದ್ರ ನಾನು ದಪ್ಪ ಬ್ಲೇಡು ಮುಟ್ಟತಿರಲಿಲ್ಲ," ಎನ್ನುತ್ತಾರೆ ಅವರು. "ನಾನೂ ಇನ್ನೊಂದ್ ಸಲ ಒತ್ತಿ ಕೇಳ್ಬೇಕಿತ್ತು. ನಾಟಕದ ಗಾಡಿ ಅಂತ ನನಗೂ ಗೊತ್ತಿತ್ತಲ್ರಿ." ದಪ್ಪ ಬ್ಲೇಡು ಹೊರಬಂದವು. ಹಳೆಯವನ್ನು ಕಾಯಿಸಿ ಬಾಗಿಸಿ, ಸೋತಿದ್ದ ಒಂದನ್ನು ಬದಲಿಸಿ, ನಡುನಡುವೆ ಗ್ರೀಸು ಬಳಿದು ಕೂರಿಸಿದರು. ಶಾಕ್ ಅಬ್ಸರ್ಬರ್ ಹೊಸವು. ಭಾರ ಹೆಚ್ಚಾದ ದಿನಕ್ಕಷ್ಟೇ ತಾಗುವಂತೆ ಒಳಗೊಂದು ರಬ್ಬರಿನ ದಿಮ್ಮಿ. ಕಟ್ಟಿ ಮುಗಿದ ಮೇಲೆ ಪಾಲಾಕ್ಷ ಮತ್ತೆ ಹಿಂದೆ ಕೂತು ಅದೇ ರಸ್ತೆಯಲ್ಲಿ ಹೋಗಿ ಬಂದರು. ಈ ಸಲ ಕೂತೇ ಇದ್ದರು.

ಜನರೇಟರ್ ಹೇರುವುದನ್ನು ಈಗ ಬಿಟ್ಟಿದ್ದಾರೆ. ಅದಕ್ಕೆಂದೇ ಕೆಲವು ಊರಿನವರು ಬೇರೆ ಗಾಡಿ ಹಿಡಿದಿದ್ದಾರೆ. ಹಳೆಯ ಗಾಡಿಗೆ ಯಾವ ಬ್ಲೇಡು ಹಾಕಿಸಲಿ ಎಂದು ಪರಿಚಯದ ಚಾಲಕರು ಕೇಳಿದರೆ ಪಾಲಾಕ್ಷ ಕಂಪನಿಯ ಹೆಸರು ಹೇಳುವುದಿಲ್ಲ. "ಮೊದ್ಲು ನೀ ಒಂದ್ ಸಲ ಹಿಂದ ಕುಂತು ಬಾ, ಆಮ್ಯಾಲ ಮಾತಾಡೂಣು," ಎನ್ನುತ್ತಾರೆ. ಕೆಲವರು ನಗುತ್ತಾರೆ. ಒಬ್ಬಿಬ್ಬರು ಕೂತು ಬಂದಿದ್ದಾರೆ.

ಹೋದ ತಿಂಗಳು ಗಾಡಿಯನ್ನು ಗೀತಮ್ಮನ ಮನೆಯ ಮುಂದೆಯೇ ಒಯ್ದು ನಿಲ್ಲಿಸಿದರು. ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹತ್ತಿರದ ಒಂದು ನಾಟಕ ತೋರಿಸಿ ತರುವ ಆಸೆ. ಗೀತಮ್ಮ ಗೋಡೆ ಹಿಡಿದು ಹೊರಬಂದರು. ಇಳಿಬಿಟ್ಟ ಹಿಂಬಾಗಿಲ ಮೇಲೆ ಮೆಲ್ಲಗೆ ಕೂತರು. ಗಾಡಿ ಒಂಚೂರು ಜಗ್ಗಿ, ಹಗೂರಕ್ಕೆ ಮೇಲೆದ್ದಿತು.

"ಮೆತ್ತಗಾಗೈತಿ," ಎಂದರು.

"ಆಗೈತಿ ಯಕ್ಕಾ. ಬಾ ಹೋಗೂಣು."

"ಬ್ಯಾಡೋ ತಮ್ಮಾ. ಮ್ಯಾಲ ನಿಂತಾಕಿ ನಾನು. ಕೆಳಗ ಕುಂತು ನೋಡಾಕ ನನ್ನ ಕೈಲೆ ಆಗಲ್ಲ." ಸ್ವಲ್ಪ ಹೊತ್ತು ಕಾಲು ಇಳಿಬಿಟ್ಟುಕೊಂಡು ಹಾಗೇ ಕೂತಿದ್ದು, ಶೃತಿ ಹೇಗೆ ಹಾಡುತ್ತಾಳೆಂದು ಕೇಳಿ, ಎದ್ದು ಒಳಗೆ ಹೋದರು.

ಹರಪನಹಳ್ಳಿಯಲ್ಲಿ ಬಿಸಿಲೇರಿದೆ. ಚಹಾದವನು ಲೋಟ ಒಯ್ದಿದ್ದಾನೆ. ಕಲಾವಿದೆಯರು ಆಗಲೇ ಮುಂದಿನ ಸೀಟಿನಲ್ಲಿದ್ದಾರೆ, ಅವರನ್ನು ಮನೆ ಮುಟ್ಟಿಸಬೇಕು. ನಿಮಗೇನು ಆಸೆ ಎಂದು ಕೇಳಿದರೆ, ಹೊಸ ಗಾಡಿಯ ಮಾತು ಪಾಲಾಕ್ಷರ ಬಾಯಿಂದ ಬರುವುದಿಲ್ಲ.

"ಗೀತಮ್ಮ ಇವತ್ತಿನ ತನಕ ನನಗ ಒಂದ್ ಮಾತೂ ಅಂದಿಲ್ರಿ," ಎನ್ನುತ್ತಾರೆ ಬಾಗಿಲು ತೆಗೆಯುತ್ತ. "ಒಂದ್ ಸಲ ಬಾಯಿ ತುಂಬ ಬೈದುಬಿಟ್ಟಿದ್ರ ಸಾಕಿತ್ತು."