ಬೀರಪ್ಪ ಬಂದಿರಲಿಲ್ಲ

ಗುಂಡುಮಾಲ್‌ನ ಪೆಂಟಮ್ಮ ಕುರಿ ಕಾಯುತ್ತಲೇ ಮುದುಕಿಯಾದವಳು. ಅವಳ ತಂದೆ ಕುರಿಗಾಹಿಗಳ ದೇವರು ಬೀರಪ್ಪನ ಪೂಜಾರಿ. ಅವನ ಮೈಮೇಲೆ ದೇವರು ಬರುವುದನ್ನು ಚಿಕ್ಕಂದಿನಿಂದ ಕಂಡಿದ್ದಳು.

ಈ ಬೇಸಿಗೆ ಮಕ್ತಲ್‌ನ ಮದುವೆ ಮೆರವಣಿಗೆಯಲ್ಲಿ ಅವಳ ಮಗಳ ಗಂಡ ಬೀರೇಶ ಡಿಜೆ ಮುಂದೆ ಕುಣಿಯುತ್ತ ಕುಸಿದುಬಿದ್ದ. ಕಣ್ಣು ಮೇಲಾದವು, ಹಲ್ಲು ಕಚ್ಚಿಕೊಂಡವು. ಜನ ಅವನ ಹಣೆಗೆ ದೇವರ ಅರಿಶಿನದ ಭಂಡಾರ ಹಚ್ಚಿ, ಕೈಮುಗಿದು ಕೂಗಿದರು.

“ಬೀರೇಶನ ಮೈಮ್ಯಾಲ ಬೀರಪ್ಪ ಬಂದಾನ್ರೀ! ಡೊಳ್ಳು ಬಾರಿಸ್ರಿ!”

ಪೆಂಟಮ್ಮ ಅವನ ಕುತ್ತಿಗೆ ಮುಟ್ಟಿ ನೋಡಿದಳು. “ದ್ಯಾವ್ರು ಬಂದ್ರ ಮೈ ನಡಗತೈತಿ, ಹಿಂಗ ಕೆಂಡದಂಗ ಸುಡಂಗಿಲ್ಲ. ಡೊಳ್ಳು ನಿಮ್ಮ ತಲಿ ಮ್ಯಾಲ ಬಾರಿಸ್ಕೋರಿ! ಏನು ತಿಂದಾನ, ಹೇಳ್ರಿ.”

ಅವನ ಗೆಳೆಯ ತಲೆ ತಗ್ಗಿಸಿದ. “ವಿಸ್ಕಿ ಕುಡದಿದ್ದ, ಯವ್ವಾ. ಅದರ ಮ್ಯಾಲ ಕುಣಿಯಾಕಂತ ಹೈದರಾಬಾದಿನ ನಶೆ ಗೋಲಿ ನುಂಗ್ಯಾನ.”

ಆ ಗೋಲಿ ಮೈಯ ಬಿಸಿ ಏರಿಸುತ್ತದೆ, ಮದ್ಯ ಮೈಯ ನೀರು ಕಳೆಯುತ್ತದೆ, ಎರಡೂ ಕೂಡಿದರೆ ಹೃದಯವೂ ಮೂತ್ರಪಿಂಡವೂ ತಾಳುವುದಿಲ್ಲ ಎಂದು ಅವನನ್ನು ಕರೆದೊಯ್ದ ಆಸ್ಪತ್ರೆಯ ವೈದ್ಯೆ ಹೇಳಿದರು.

ಬೀರೇಶ ಬದುಕಿದ. ಅವನ ಮೂತ್ರಪಿಂಡಗಳು ಉಳಿಯಲಿಲ್ಲ. ಈಗ ಡಯಾಲಿಸಿಸ್‌ಗೆಂದು ವಾರಕ್ಕೆ ಎರಡು ಮೂರು ಸಲ ರಾಯಚೂರಿನ ಬಸ್ಸು ಹತ್ತುತ್ತಾನೆ. ಹೊರಡುವ ಮುನ್ನ ಭಂಡಾರ ಹಚ್ಚಲೇ ಎಂದು ಮಗಳು ಕೇಳಿದರೆ ಪೆಂಟಮ್ಮ ಹೇಳುವುದು ಒಂದೇ ಮಾತು:

“ಹಚ್ಚವ್ವ. ಆದ್ರ ಗೋಲಿ ಮಾಡಿದ್ದನ್ನ ದ್ಯಾವ್ರ ಮ್ಯಾಲ ಹಾಕಬ್ಯಾಡ.”