ನನ್ನವಳ ಚಪ್ಪಾಳೆ

ನಲವತ್ತು ವರ್ಷ ನಾನು ನನ್ನ ಹೆಂಡತಿಯನ್ನು ನಂಬಲಿಲ್ಲ. ದೊಡ್ಡ ವಿಷಯಗಳಲ್ಲೆಲ್ಲ ನಂಬಿದ್ದೆ. ಮನೆ, ಮಗಳು, ನನ್ನ ಸಂಬಳ ಎಲ್ಲವನ್ನೂ ಅವಳ ಕೈಗಿಟ್ಟು ನಿಶ್ಚಿಂತೆಯಿಂದ ಗೊರಕೆ ಹೊಡೆದವನು ನಾನು. ನಂಬದೆ ಇದ್ದದ್ದು ಒಂದು ಚಪ್ಪಾಳೆಯನ್ನು ಮಾತ್ರ.

ನಾನು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವನು. "ಈಗಷ್ಟೇ ಕೈಯಲ್ಲಿತ್ತು ಸಾರ್" ಎಂದು ಜೇಬು ತಡಕಾಡುವವರನ್ನು ಮೂವತ್ತೆರಡು ವರ್ಷ ನೋಡಿದ್ದೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನನ್ನಂಥವರಿಂದಲೇ ಹುಟ್ಟಿರಬೇಕು. ಮನೆಗೆ ಬಂದರೆ ಸಮವಸ್ತ್ರವನ್ನು ಗೂಟಕ್ಕೆ ಹಾಕುತ್ತಿದ್ದೆ, ಬುದ್ಧಿಯನ್ನು ಹಾಕುತ್ತಿರಲಿಲ್ಲ.

ಅವಳು ದರ್ಜಿ. ಹದಿನಾಲ್ಕನೇ ವಯಸ್ಸಿಗೆ ಸೋದರತ್ತೆಯ ಅಂಗಡಿಯಲ್ಲಿ ಗುಂಡಿ ಹೊಲಿಯಲು ಕೂತವಳು ಇಂದಿಗೂ ಅಲ್ಲೇ ಇದ್ದಾಳೆ. ಔಷಧದಂಗಡಿಯ ಮೇಲಿನ ಮಹಡಿ, ಕಡಿದಾದ ಹದಿನೇಳು ಮೆಟ್ಟಿಲು, ಕಿಟಕಿಯ ಪಕ್ಕ ಯಂತ್ರ, ನೆಲದ ತುಂಬ ಬಟ್ಟೆಯ ಚೂರು. ಮೈ ಬೆಳೆಸಿಕೊಂಡು ಬಂದವರು "ಒಗೆದಾಗ ಪ್ಯಾಂಟು ಕುಗ್ಗಿಬಿಡ್ತು" ಎಂದರೆ "ಹೌದು, ಈಗಿನ ಬಟ್ಟೆಗಳೇ ಹಾಗೆ" ಎಂದು ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿ ಸೊಂಟದ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಾಳೆ. ಇಷ್ಟು ನಯವಾಗಿ ಸುಳ್ಳು ಹೇಳುವವಳ ಮಾತನ್ನು ತಪಾಸಣೆಯವನು ಹೇಗೆ ನಂಬುವುದು, ನೀವೇ ಹೇಳಿ.

ವಿಷಯ ಇಷ್ಟು. ನಮ್ಮ ಮದುವೆಗೆ ಒಂದು ವರ್ಷ ಮೊದಲು 'ಬಾಗಿಲು ಹಾಕಿಲ್ಲ' ಎಂಬ ಹಾಡಿನ ರೆಕಾರ್ಡು ಬಂತು. ಬಿಟ್ಟುಹೋದವನಿಗೆ ಒಬ್ಬಳು ಮನೆಯ ಬಾಗಿಲು ಇನ್ನೂ ತೆರೆದೇ ಇದೆ ಎಂದು ಹೇಳುವ ಹಾಡು. ಮಾತು ಅಳಿಸುತ್ತದೆ, ತಾಳ ಕಾಲು ಕುಣಿಸುತ್ತದೆ. ಆಗ ಅದು ಕೇಳಿಸದ ಕ್ಷೌರದಂಗಡಿಯಿರಲಿಲ್ಲ. ಅದರಲ್ಲಿ ಚಪ್ಪಾಳೆ ಬಿದ್ದಾಗಲೆಲ್ಲ ಜೊತೆಗೆ 'ಟಿಕ್' ಎಂದು ಸಣ್ಣದೊಂದು ಸದ್ದು ಬರುತ್ತದೆ. ಜನ ಅದಕ್ಕೇ ಮರುಳಾಗಿದ್ದರು. ಅದು ಯಾವ ವಾದ್ಯ ಎಂದು ವಾದ ಮಾಡುತ್ತಿದ್ದರು.

ಮದುವೆಯಾದ ಹೊಸದರಲ್ಲಿ ರೇಡಿಯೋದಲ್ಲಿ ಆ ಹಾಡು ಬಂದಾಗ ಇವಳು ಮೆಲ್ಲಗೆ ಹೇಳಿದಳು: "ಆ ಟಿಕ್ ನಂದು ರೀ."

ಅವಳು ಹೇಳಿದ ಕಥೆ ಹೀಗೆ. ರೆಕಾರ್ಡಿಂಗ್ ನಡೆದ ದಿನವೇ ಗಾಯಕಿಯ ಫೋಟೋ ತೆಗೆಯಬೇಕಿತ್ತು. ಮಣಿ ಪೋಣಿಸಿದ ಅವಳ ದಪ್ಪ ಗೌನು ಇನ್ನೂ ಮುಗಿದಿರಲಿಲ್ಲ. ಸೋದರತ್ತೆ ಇವಳನ್ನು ಸೂಜಿದಾರದ ಸಮೇತ ಸ್ಟುಡಿಯೋಗೆ ಅಟ್ಟಿದಳು. ಸೂಜಿ ಚುಚ್ಚದಿರಲೆಂದು ದರ್ಜಿಗಳು ಬೆರಳ ತುದಿಗೆ ಲೋಹದ ಪುಟ್ಟ ಟೋಪಿ ಹಾಕುತ್ತಾರೆ, ಅದಕ್ಕೆ ಅಂಗುಸ್ತಾನ ಎನ್ನುತ್ತಾರೆ. ದಪ್ಪ ಬಟ್ಟೆಯಾದ್ದರಿಂದ ಇವಳು ಎರಡೂ ಕೈಗೆ ಹಾಕಿಕೊಂಡಿದ್ದಳು. ಗಾಯಕಿ ಗೌನು ತೊಟ್ಟೇ ಹಾಡಲು ನಿಂತಳು. ಚಪ್ಪಾಳೆಗೆ ಬರಬೇಕಾದವರು ಬರಲಿಲ್ಲ. "ಏ ಹುಡುಗಿ, ಬಾ ಇಲ್ಲಿ, ತಟ್ಟು" ಎಂದರು. ಇವಳು ಎದ್ದು ತಟ್ಟಿದಳು. ಅಂಗುಸ್ತಾನ ತೆಗೆಯಲು ಮರೆತದ್ದು ಗೊತ್ತಾದದ್ದು ಹಾಡು ಮುಗಿದ ಮೇಲೆ. ಗಾಯಕಿಯ ಕಂಠ ಅಷ್ಟು ಚೆನ್ನಾಗಿ ಇನ್ನೊಮ್ಮೆ ಒದಗಲಿಲ್ಲವಂತೆ, ಹಾಗಾಗಿ ಅದನ್ನೇ ಉಳಿಸಿಕೊಂಡರಂತೆ.

"ಯಾರಾದ್ರೂ ಸಾಕ್ಷಿ ಇದ್ದಾರಾ?" ಎಂದೆ.

"ಇಲ್ಲ."

"ರೆಕಾರ್ಡಿನ ಮೇಲೆ ಹೆಸರಿದ್ಯಾ?"

"ದರ್ಜಿ ಹೆಸರು ಯಾರು ಹಾಕ್ತಾರೆ?"

"ಹಾಗಾದ್ರೆ ಅದು ಯಾವುದೋ ವಾದ್ಯ ಕಣೇ" ಎಂದು ಪ್ರಕರಣ ಮುಗಿಸಿದೆ. ಅಲ್ಲಿಂದ ಮುಂದೆ ಅದು ಮನೆಯ ತಮಾಷೆಯಾಯಿತು. ನನ್ನ ಅಕ್ಕ ಬಂದಾಗಲೆಲ್ಲ "ಎಲ್ಲಿ, ನಮ್ಮ ಕಲಾವಿದೆ?" ಎಂದು ಕಾಲೆಳೆಯುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ. ಮೊದಮೊದಲು ಇವಳೂ ನಗುತ್ತಿದ್ದಳು. ಆಮೇಲೆ ಆ ಮಾತೆತ್ತುವುದನ್ನೇ ಬಿಟ್ಟಳು. ರೇಡಿಯೋದಲ್ಲಿ ಹಾಡು ಬಂದರೆ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಸಿಕ್ಕಿಬಿದ್ದದ್ದಕ್ಕೆ ನಾಚಿಕೆ ಎಂದುಕೊಂಡೆ. ಈಗ ನೆನೆದರೆ ನನಗೇ ನಾಚಿಕೆಯಾಗುತ್ತದೆ.

ಹೋದ ವರ್ಷ ಒಂದು ಬೆಳಿಗ್ಗೆ ಇಬ್ಬರು ಮೆಟ್ಟಿಲು ಹತ್ತಿ ಬಂದರು. ಒಬ್ಬಳು ಯುವ ಗಾಯಕಿ, ಇನ್ನೊಬ್ಬ ಅವಳ ರೆಕಾರ್ಡಿಂಗ್ ಮಾಡುವವನು. ನಾನು ನಿವೃತ್ತನಾದ ಮೇಲೆ ಅಂಗಡಿಯಲ್ಲೇ ಕೂತು ಅಂಚಿನ ದಾರ ಕತ್ತರಿಸುತ್ತೇನೆ, ಹಾಗಾಗಿ ಎಲ್ಲಕ್ಕೂ ಕಿವಿಯಾಗಿದ್ದೆ. ಅವರು 'ಬಾಗಿಲು ಹಾಕಿಲ್ಲ' ಹಾಡನ್ನು ಹೊಸದಾಗಿ ಹಾಡಿ ಬಿಡುಗಡೆ ಮಾಡುವವರಿದ್ದರು. ಯಂತ್ರದಿಂದ ಆ ಟಿಕ್ ಬರಿಸಲು ಹೆಣಗಿದ್ದರು, ಬರಲಿಲ್ಲ. ಹಳೆಯ ಗಾಯಕಿಯನ್ನು ಹುಡುಕಿಕೊಂಡು ಹೋಗಿ ಕೇಳಿದರೆ ಆ ಮುದುಕಿ "ನನ್ನ ಗೌನು ಹೊಲಿದವಳನ್ನ ಕೇಳಿ" ಎಂದಳಂತೆ.

ಇವಳು ನನ್ನ ಕಡೆ ನೋಡಲೇ ಇಲ್ಲ. ನೋಡಿದ್ದರೆ ಚೆನ್ನಾಗಿತ್ತು. ನಾನು ದಾರದ ಬದಲು ಬಟ್ಟೆಯನ್ನೇ ಕತ್ತರಿಸಿದ್ದೆ.

ಆದರೂ ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮುದುಕಿಗೆ ಮರೆವಿರಬಹುದು ಎಂದುಕೊಂಡೇ, ಅವರು ತಟ್ಟಲು ಕರೆದ ಇವಳ ಜೊತೆ ಸ್ಟುಡಿಯೋಗೆ ಹೊರಟೆ. ನನ್ನನ್ನು ಗಾಜಿನ ಈಚೆ ರೆಕಾರ್ಡಿಂಗಿನವನ ಪಕ್ಕ ಕೂರಿಸಿದರು. ಹೊಸ ಹಾಡು ಹಳೆಯದಕ್ಕಿಂತ ನಿಧಾನ. ಇವಳು ಸ್ವಲ್ಪ ಕೇಳಿ "ಇದೇನಮ್ಮ, ಮಗು ಮಲಗಿಸ್ತಿದ್ದೀಯಾ?" ಎಂದಳು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಎರಡೂ ಕೈಗೆ ಅಂಗುಸ್ತಾನ ಹಾಕಿ ಇವಳು ತಟ್ಟಿದಳು. ಟಿಕ್ ಬಂತು. ರೆಕಾರ್ಡಿಂಗಿನವನು ಇಲ್ಲವೆಂಬಂತೆ ತಲೆಯಾಡಿಸಿದ. "ಅಮ್ಮ, ಸದ್ದು ಅದೇ. ಆದ್ರೆ ಹಳೇದರಲ್ಲಿ ಚಪ್ಪಾಳೆ ಒಂದು ಕೂದಲೆಳೆಯಷ್ಟು ತಡವಾಗಿ ಬೀಳುತ್ತೆ. ನಿಮ್ಮದು ತಾಳಕ್ಕೆ ಸರಿಯಾಗಿ ಬೀಳ್ತಿದೆ." ನಾಲ್ಕು ಸಲ ಆಯಿತು. ಸರಿಯಾಗಿಯೇ ಬಿತ್ತು. ಒಪ್ಪಿಕೊಳ್ಳುತ್ತೇನೆ, ನನ್ನೊಳಗಿನ ತಪಾಸಣೆಯವನಿಗೆ ಆಗ ಖುಷಿಯಾಯಿತು. ಹುಟ್ಟುಗುಣ ಸುಟ್ಟರೂ ಹೋಗದು.

ಇವಳು ಕಣ್ಣು ಮುಚ್ಚಿ ನಿಂತಳು. ಆಮೇಲೆ "ನೀನು ನನ್ನ ಮುಂದೆ ಬಂದು ನಿಂತು ಹಾಡಮ್ಮ" ಎಂದು ಹುಡುಗಿಯನ್ನು ಕರೆದಳು. "ಅವತ್ತು ಆಕೆ ಉಸಿರೆಳೆದಾಗೆಲ್ಲ ಗೌನಿನ ಭುಜದ ಹೊಲಿಗೆ ಬಿಚ್ಕೊಳ್ಳೋ ಹಾಗಾಗ್ತಿತ್ತು. ನಾನು ಹಾಕಿದ ಹೊಲಿಗೆ. ನನ್ನ ಜೀವ ಅಲ್ಲೇ ಇತ್ತು. ಹಾಡು ಯಾರು ಕೇಳಿದ್ರು? ಹೊಲಿಗೆ ತಡೀತು ಅಂತ ಕಂಡ್ಮೇಲೆ ತಟ್ತಿದ್ದೆ."

ಹುಡುಗಿ ಎದುರಿಗೆ ನಿಂತು ಹಾಡಿದಳು. ಇವಳು ಅವಳ ಭುಜದ ಹೊಲಿಗೆಯನ್ನೇ ನೋಡುತ್ತ ತಟ್ಟಿದಳು. ರೆಕಾರ್ಡಿಂಗಿನವನು ಕುರ್ಚಿ ಬಿಟ್ಟು ಎದ್ದ. ನಲವತ್ತು ವರ್ಷ ರೇಡಿಯೋದಲ್ಲಿ ಕೇಳಿದ ಅದೇ ಟಿಕ್, ಅದೇ ಕೂದಲೆಳೆಯಷ್ಟು ತಡವಾಗಿ, ನನ್ನ ಕಣ್ಣೆದುರಿಗೇ ಅವಳ ಕೈಯಿಂದ ಬೀಳುತ್ತಿತ್ತು.

ಹೊಸ ಹಾಡು ಗೆದ್ದಿತು. ಕಲಾವಿದರ ಪಟ್ಟಿಯಲ್ಲಿ 'ಚಪ್ಪಾಳೆ' ಎಂಬುದರ ಮುಂದೆ ಇವಳ ಹೆಸರೂ ಬಂತು. ನಾನು ಔಷಧದಂಗಡಿಯವನಿಗೆ, ಅಕ್ಕನಿಗೆ, ಪ್ಯಾಂಟು ಬಿಗಿಯಾಯಿತೆಂದು ಬಂದವರಿಗೆಲ್ಲ ಫೋನು ಹಿಡಿದು ತೋರಿಸಿದೆ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಅವಳಿಗೂ ಹೇಳಿದೆ: "ತಪ್ಪಾಯ್ತು ಕಣೇ. ಈಗ ನಂಬ್ತೀನಿ."

ಅವಳು ಯಂತ್ರ ನಿಲ್ಲಿಸಿದಳು. ಮುಖದಲ್ಲಿ ಸಿಟ್ಟಿರಲಿಲ್ಲ. "ಇಲ್ಲ ರೀ, ನೀವು ನಂಬಲಿಲ್ಲ. ಟಿಕೆಟ್ ನೋಡಿದ್ರಿ, ಅಷ್ಟೇ."

ನಾನು ಕತ್ತರಿ ಕೆಳಗಿಟ್ಟೆ. ಅವಳು ನನ್ನನ್ನು ನೋಡಿ, ಮಡಿಲಿನ ದಾರದ ಚೂರುಗಳನ್ನು ಕೊಡವಿದಳು.

"ಇನ್ನೊಂದು ಹೇಳ್ಲಾ? ಆ ಗಾಯಕಿ ನನ್ನನ್ನ ತನ್ನ ಜೊತೆ ಊರೂರು ಬಾ ಅಂತ ಕರೆದಿದ್ದರು. ಬಟ್ಟೆ ನೋಡ್ಕೊಂಡು, ಚಪ್ಪಾಳೆ ತಟ್ಕೊಂಡು ಇರು ಅಂದ್ರು. ನಾನು ಹೋಗಲಿಲ್ಲ."

"ಯಾಕೆ?"

"ಆಗ ನೀವು ಬರೀ ಗಿರಾಕಿ. ಸಮವಸ್ತ್ರದ ಕೋಟು ಹೊಲಿಯೋಕೆ ಕೊಟ್ಟು ಹೋಗಿದ್ರಲ್ಲ. ತಗೊಂಡು ಹೋಗೋಕೆ ಬರ್ತೀರಿ, ಆಗ ನಾನಿಲ್ಲಿ ಇರಬೇಕು ಅನ್ನಿಸ್ತು."

ಯಾರ ಮುಂದೆ ಕರೆದರು, ಯಾವಾಗ ಕರೆದರು, ಕಾಗದ ಏನಾದರೂ ಇದೆಯೇ ಎಂದು ಮೂರು ಪ್ರಶ್ನೆಗಳು ಸಾಲಾಗಿ ನಾಲಿಗೆಯ ತುದಿಗೆ ಬಂದು ನಿಂತವು. ಮೂರನ್ನೂ ನುಂಗಿದೆ.

"ನಂಬಿದೆ" ಎಂದೆ.